ಅಳೆದದ್ದನ್ನು ಅಳೆದ ಹಾಗೇ ಬರಿ

ಪುಟ್ಟಿ,

ಡಿ.ಎಂ. ಎಂಡೋಕ್ರೈನಾಲಜಿ ಮಾಡಿ ಕ್ಲಿನಿಕ್ ಹಾಕುವುದೋ, ಪಿಎಚ್.ಡಿ. ಹಿಡಿದು ಡಯಾಬಿಟಿಸ್ ಸಂಶೋಧನೆಗೆ ಹೋಗುವುದೋ ಎಂದು ನೀನು ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲು ನನಗೆ ಇಷ್ಟವಾಗಲಿಲ್ಲ. ನಿನ್ನಪ್ಪನ ಲೆಕ್ಕ ನನಗೂ ಗೊತ್ತು: ಕ್ಲಿನಿಕ್ ಹಾಕಿದರೆ ರೋಗಿಗಳಿಗೆ ಬರವಿಲ್ಲ. ಅವನ ಮಾತಿನಲ್ಲಿ ಸುಳ್ಳಿಲ್ಲ. 2023ರಲ್ಲಿ ಹೊರಬಂದ ಐ.ಸಿ.ಎಂ.ಆರ್.-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13.6 ಕೋಟಿ. ಇಷ್ಟು ಜನಕ್ಕೆ ಔಷಧ ಬರೆದುಕೊಡುವ ವೈದ್ಯರು ಬೇಕೇ ಬೇಕು. ಕ್ಲಿನಿಕ್ ಹಾಕುವವರನ್ನು ಕಂಡರೆ ನನಗೆ ತಾತ್ಸಾರವಿಲ್ಲ; ನನ್ನ ಥೈರಾಯ್ಡ್ ನೋಡುವವರೂ ಅಂಥವರೇ.

ಹಣದ ಮಾತನ್ನು ಮೊದಲೇ ಮುಗಿಸಿಬಿಡೋಣ. ಪಿಎಚ್.ಡಿ.ಗೆ ಜೆ.ಆರ್.ಎಫ್. ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000, ಎರಡು ವರ್ಷ ಕಳೆದು ಎಸ್.ಆರ್.ಎಫ್. ಆದರೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಅದೂ ತಿಂಗಳು ತಿಂಗಳು ತಪ್ಪದೆ ಬರುತ್ತದೆಂದು ನಂಬಿಕೊಂಡು ಚೀಟಿ ಹಾಕಬೇಡ. ನಿನ್ನ ಜೊತೆ ಓದಿದವರು ಮನೆ ಕಟ್ಟುವ ಮಾತಾಡುವ ಹೊತ್ತಿಗೆ ನೀನು ಕಿಟ್ ತರಿಸಲು ಕೊಟೇಶನ್ ಹಿಡಿದುಕೊಂಡು ಲೆಕ್ಕಪತ್ರ ವಿಭಾಗದ ಬಾಗಿಲಲ್ಲಿ ನಿಂತಿರುತ್ತೀಯ. ಇದು ಸಹಿಸಲಾಗದ್ದೆಂದು ತೋರಿದರೆ ಈಗಲೇ ಹೇಳು, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ನಾನು ವೈದ್ಯೆಯಲ್ಲ. ಜೀವರಸಾಯನ ಓದಿ, ಇಂಥ ಅಧ್ಯಯನಗಳ ಲ್ಯಾಬುಗಳಲ್ಲೇ ಆಯುಷ್ಯ ಸವೆಸಿದವಳು. ಅಲ್ಲಿ ಕಂಡದ್ದೇ ನನ್ನ ಬಂಡವಾಳ. ಈ ಕಾಯಿಲೆ ಸಂಶೋಧಕರ ಆಯುಷ್ಯಕ್ಕಿಂತ ನಿಧಾನವಾಗಿ ನಡೆಯುತ್ತದೆ. ಕೆರೆಯ ಏರಿ ಎಲ್ಲೋ ಒಂದು ಕಡೆ ಜಿನುಗಲು ಶುರುವಾಗಿ, ಊರಿಗೆ ಅದು ಗೊತ್ತಾಗುವಷ್ಟರಲ್ಲಿ ಒಂದು ತಲೆಮಾರು ಕಳೆದಿರುತ್ತದೆ. ಹಾಗಾಗಿ ನೀನು ಹಾಕುವ ಪ್ರಶ್ನೆಗೆ ಉತ್ತರ ನಿನ್ನ ಸರ್ವೀಸಿನೊಳಗೆ ಸಿಗುತ್ತದೆಂಬ ಖಾತ್ರಿಯಿಲ್ಲ. ನೀನು ಬಿಟ್ಟುಹೋಗುವ ಅಳತೆ ಮಾತ್ರ ಇನ್ನೊಬ್ಬರ ಕೈಗೆ ಸಿಗುತ್ತದೆ. ಆ ಅಳತೆ ಸಾಚಾ ಇದ್ದರೆ ನೀನು ಕೆಲಸ ಮಾಡಿದ ಹಾಗೆ.

ಇದಕ್ಕೆ ದೂರದ ಉದಾಹರಣೆ ಬೇಡ, ನಮ್ಮ ಮೈಸೂರಿನದ್ದೇ ಇದೆ. ಮಿಷನ್ ಆಸ್ಪತ್ರೆ, ಅದೇ ಹೋಲ್ಡ್ಸ್‌ವರ್ತ್ ಮೆಮೋರಿಯಲ್, ನಿನಗೆ ಗೊತ್ತಲ್ಲ. ನಿನ್ನಜ್ಜಿಗೆ ಆಸ್ಪತ್ರೆ ಅಂದರೆ ಅದೊಂದೇ. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಈ ಮೂರನ್ನೂ 1934ರಿಂದ ಬರೆದಿಟ್ಟುಕೊಂಡು ಬಂದಿದ್ದರು. ತೂಕವೇನೋ ಸರಿ, ತಕ್ಕಡಿ ಹೇಳುತ್ತದೆ. ಉದ್ದ ಅಳೆಯುವ ಕಷ್ಟ ಹೆರಿಗೆ ವಾರ್ಡಿನಲ್ಲಿ ನಿಂತವರಿಗೆ ಗೊತ್ತು. ಒಂಬತ್ತು ತಿಂಗಳು ಕಾಲು ಮಡಚಿಕೊಂಡೇ ಇದ್ದ ಕೂಸು. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮಂಡಿ ಮೆಲ್ಲಗೆ ಒತ್ತಿ ಕಾಲು ನೀಡಿಸಬೇಕು, ಅದು ಕಿರುಚಿಕೊಳ್ಳುತ್ತದೆ, ಅಷ್ಟರಲ್ಲಿ ಪಕ್ಕದ ಮಂಚದಲ್ಲಿ ಇನ್ನೊಬ್ಬಾಕೆಗೆ ನೋವು ಜೋರಾಗಿರುತ್ತದೆ. ‘ಹತ್ತೊಂಬತ್ತು ಇಂಚು ಇರಬಹುದು’ ಎಂದು ಅಂದಾಜಿನಲ್ಲಿ ಗೀಚಿದ್ದರೂ ಆ ಕಾಲದಲ್ಲಿ ಕೇಳುವವರು ಇರಲಿಲ್ಲ. ಸಕ್ಕರೆ ಕಾಯಿಲೆಗೂ ಕೂಸಿನ ಉದ್ದಕ್ಕೂ ನಂಟಿದೆ ಎಂಬ ಊಹೆ ಆಗ ಭೂಮಿಯ ಮೇಲೆ ಯಾರಿಗೂ ಹೊಳೆದಿರಲಿಲ್ಲ.

ಆರು ದಶಕದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ತಂಡಕ್ಕೆ ಇಂಥ ದಾಖಲೆಗಳು ಬೇಕಾದವು. ಅವರು ತಮ್ಮ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ ದಾದಿಯರು 1911ರಿಂದ ಬರೆದಿಟ್ಟಿದ್ದ ಲೆಡ್ಜರುಗಳನ್ನು ಹಿಡಿದು, ಹುಟ್ಟುವಾಗ ಸಣ್ಣಗಿದ್ದ ಮಕ್ಕಳಿಗೆ ವಯಸ್ಸಾದ ಮೇಲೆ ಹೃದ್ರೋಗವೂ ಸಕ್ಕರೆ ಕಾಯಿಲೆಯೂ ಹೆಚ್ಚು ಎಂದು ತೋರಿಸಿದ್ದರು. ಭಾರತದಲ್ಲೂ ಹೀಗೇ ಇದೆಯೇ ಎಂದು ನೋಡಲು ಕ್ಯಾರೊಲಿನ್ ಫಾಲ್ ಮೊದಲಾದವರು ಮೈಸೂರಿನ ವೈದ್ಯರ ಜೊತೆ ಸೇರಿ ಮಿಷನ್ ಆಸ್ಪತ್ರೆಯ ಹಳೆಯ ದಾಖಲೆ ಬಿಚ್ಚಿದರು. ಅಲ್ಲಿ ಹುಟ್ಟಿ, ಇನ್ನೂ ಆ ಸುತ್ತಿನಲ್ಲೇ ವಾಸವಾಗಿದ್ದ ಮಧ್ಯವಯಸ್ಕರನ್ನು ಹುಡುಕಿದರು. ಅದೇನು ಸಾಮಾನ್ಯ ಹುಡುಕಾಟವೇ? ಹುಟ್ಟಿದ ದಿನ ನಮ್ಮ ಕೂಸುಗಳಿಗೆ ಹೆಸರೇ ಇರುವುದಿಲ್ಲ. ಮನೆಯಲ್ಲಿ ಕರೆಯುವುದೊಂದು, ಶಾಲೆಯಲ್ಲಿ ಬರೆಸಿದ್ದು ಇನ್ನೊಂದು, ಶಾಲೆಗೆ ಸೇರಿಸಲೆಂದು ತಿದ್ದಿದ ಹುಟ್ಟಿದ ತಾರೀಕು ಮತ್ತೊಂದು.

1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೊದಲ ಫಲಿತಾಂಶ ಬಂತು. 517 ಜನರಲ್ಲಿ 52 ಮಂದಿಗೆ ಹೃದ್ರೋಗ. ಸಣ್ಣಗೆ ಹುಟ್ಟಿದವರಲ್ಲೇ ಹೆಚ್ಚು. ಇಲ್ಲಿಯವರೆಗೆ ಇಂಗ್ಲೆಂಡಿನ ಪಾಠವೇ. ಸಕ್ಕರೆ ಕಾಯಿಲೆಯ ಲೆಕ್ಕ ತೆಗೆದಾಗ ಮಾತ್ರ ಮೈಸೂರು ಬೇರೆ ರಾಗ ಹಾಡಿತು. ಇಲ್ಲಿ ಕಾಯಿಲೆ ಹೆಚ್ಚು ಕಂಡದ್ದು ತೂಕ ಕಡಿಮೆಯಿದ್ದವರಲ್ಲಲ್ಲ. ಉದ್ದದಲ್ಲಿ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಉದ್ದ ಅಂದಾಜಿನಲ್ಲಿ ಬರೆದದ್ದಾಗಿದ್ದರೆ ಈ ವಿಷಯ ಯಾವ ಕಾಲಕ್ಕೂ ಹೊರಬೀಳುತ್ತಿರಲಿಲ್ಲ.

ಇಲ್ಲೇ ನೀನು ಗಮನಿಸಬೇಕು. ಗುರುವಿನ ಸಿದ್ಧಾಂತ ಒಂದು ಹೇಳುತ್ತಿದೆ, ಕೈಯಲ್ಲಿರುವ ಅಂಕಿ ಇನ್ನೊಂದು ಹೇಳುತ್ತಿದೆ. ಆ ತಂಡ 1998ರಲ್ಲಿ ಅಂಕಿ ಹೇಳಿದ್ದನ್ನೇ ಅಚ್ಚು ಹಾಕಿಸಿತು. ಬಸುರಿಯ ರಕ್ತದಲ್ಲಿ ಸಕ್ಕರೆ ತುಸು ಏರಿದ್ದರೂ ಅದು ಒಳಗಿನ ಕೂಸಿನ ಮೇಲೆ ಪರಿಣಾಮ ಮಾಡಿರಬಹುದೇ ಎಂಬ ಹೊಸ ಪ್ರಶ್ನೆ, ಅಚ್ಚಾಗುವ ಮೊದಲೇ, ಆ ಅಂಕಿಯಿಂದ ಹುಟ್ಟಿತ್ತು. ಅದನ್ನು ನೋಡಲೆಂದು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುಮಾಡಿದರು. ನೂರಕ್ಕೆ ಸುಮಾರು ಆರು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಸಿಕ್ಕಿತು. ಅವರ ಮಕ್ಕಳು ಒಂಬತ್ತೂವರೆ ವರ್ಷದವರಾದಾಗ ಅಳೆದರೆ ಉಳಿದ ಮಕ್ಕಳಿಗಿಂತ ಮೈಯಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ನಿಗೆ ಪ್ರತಿರೋಧವೂ ಹೆಚ್ಚು. ಇವತ್ತು ನೀನು ಹೆರಿಗೆ ಓ.ಪಿ.ಡಿ.ಯಲ್ಲಿ ಪ್ರತಿ ಬಸುರಿಗೂ ಗ್ಲೂಕೋಸ್ ಕುಡಿಸಿ ರಕ್ತ ತೆಗೆಸುತ್ತೀಯಲ್ಲ, ಅದರ ಹಿಂದೆ ಇಂಥ ಎಷ್ಟೋ ಊರುಗಳ ದುಡಿಮೆಯಿದೆ.

ಸರಿ, ಆ ಗ್ಲೂಕೋಸ್ ಪರೀಕ್ಷೆಯಿಂದಲೇ ನಿನ್ನ ಕಲಿಕೆ ಶುರುವಾಗಲಿ. ಪ್ರೊಫೆಸರುಗಳು ಹೇಳಿಕೊಡದ ವಿದ್ಯೆ ಅದು. ಬೆಳಗ್ಗೆ ಏಳಕ್ಕೆ ಹಳ್ಳಿಯ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಕ್ಯಾಂಪು ಹಾಕಿರುತ್ತೀರಿ. ‘ಏನಾದರೂ ತಿಂದಿದ್ದೀರಾ?’ ಅಂದರೆ ‘ಇಲ್ಲವ್ವ, ಖಾಲಿ ಹೊಟ್ಟೆ’ ಅನ್ನುತ್ತಾರೆ. ಇನ್ನೊಂದು ಸಲ, ಬೇರೆ ರೀತಿಯಲ್ಲಿ ಕೇಳು: ‘ಎದ್ದ ಮೇಲೆ ಕಾಫಿ ಆಯ್ತಾ?’ ‘ಹ್ಞೂಂ, ಕಾಫಿ ಒಂದು ಲೋಟ ಅಷ್ಟೇ.’ ಅವರು ಸುಳ್ಳು ಹೇಳಿದ್ದಲ್ಲ; ಅವರ ಲೆಕ್ಕದಲ್ಲಿ ಕಾಫಿ ತಿಂಡಿಯಲ್ಲ. ಎಲೆ ಅಡಿಕೆ, ಬೀಡಿ, ಗುಟ್ಕಾ ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಐದು ನಿಮಿಷದೊಳಗೆ ಕುಡಿಸಿದ ಮೇಲೆ ಎರಡು ಗಂಟೆ ಅವರನ್ನು ಕೂರಿಸಿಕೊಳ್ಳುವುದು ಇನ್ನೊಂದು ಸಾಹಸ. ಹಸುವಿಗೆ ಹುಲ್ಲು ಹಾಕಿ ಬರುತ್ತೇನೆಂದು ಒಬ್ಬರು ಹೊರಟುಬಿಡುತ್ತಾರೆ; ಆ ನಡಿಗೆಯೇ ಸಕ್ಕರೆ ಇಳಿಸುತ್ತದೆ. ವಾಂತಿಯಾದರೆ ಆ ಪರೀಕ್ಷೆ ಅಲ್ಲಿಗೆ ಮುಗಿಯಿತು, ‘ವಾಂತಿ’ ಅಂತಲೇ ಬರೆಯಬೇಕು.

ರಕ್ತ ಟ್ಯೂಬಿಗೆ ಬಿದ್ದ ಮೇಲಾದರೂ ನೆಮ್ಮದಿಯೇ ಅಂದರೆ ಅದೂ ಇಲ್ಲ. ರಕ್ತಕಣಗಳಿಗೆ ಜೀವ ಇರುತ್ತದೆ, ಅವು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಸಾದಾ ಟ್ಯೂಬಿನಲ್ಲಿ ಕೋಣೆಯ ಬಿಸಿಯಲ್ಲಿ ಬಿಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಗ್ಲೂಕೋಸ್ ಕರಗಿಹೋಗುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕಿದೆವಲ್ಲ ಎಂದು ಕೈಕಟ್ಟಿ ಕೂರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಫ್ಲೋರೈಡ್ ಕೆಲಸ ಹಿಡಿಯಲು ಒಂದೆರಡು ಗಂಟೆಯೇ ಬೇಕು, ಅಷ್ಟರಲ್ಲಿ ಆಗುವ ನಷ್ಟ ಆಗಿಯೇ ಹೋಗಿರುತ್ತದೆ. ಟ್ಯೂಬನ್ನು ತಕ್ಷಣ ಐಸಿನಲ್ಲಿ ಇಳಿಸಿ, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಿದರೆ ಮಾತ್ರ ಆ ಅಂಕಿಗೆ ಬೆಲೆ. ಕ್ಯಾಂಪಿನಿಂದ ಲ್ಯಾಬಿಗೆ ಜೀಪು ಬರುವುದು ಎರಡು ಗಂಟೆ ತಡವಾದರೆ ಏನಾಗುತ್ತದೆ ಯೋಚಿಸು: ಊರಲ್ಲಿ ಕಾಯಿಲೆ ಇಲ್ಲದೆ ಹೋಗುವುದಿಲ್ಲ, ನಿನ್ನ ಕೋಷ್ಟಕದಲ್ಲಿ ಮಾತ್ರ ಇಲ್ಲವಾಗುತ್ತದೆ. ಆದ್ದರಿಂದ ಮೊದಲ ವರ್ಷ ಪೂರ್ತಿ ಥರ್ಮಾಕೋಲ್ ಡಬ್ಬಿ ನಿನ್ನ ತೊಡೆಯ ಮೇಲೇ ಇರಲಿ. ಆಮೇಲೆ ಬೇರೆಯವರಿಗೆ ಕೊಡುವೆಯಂತೆ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇದೆಯಲ್ಲ, ಈ ರಗಳೆಯೇಕೆ ಎಂದು ನೀನು ಕೇಳಬಹುದು. ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್ ಬೇರೆಯಾಗಿರುತ್ತದೆಂದು 1968ರಲ್ಲಿ ಕಂಡುಹಿಡಿದವರು ಟೆಹರಾನಿನ ಸಾಮ್ಯುಯೆಲ್ ರಹಬರ್, ಮಹೋಪಕಾರ ಮಾಡಿದರು. ಆದರೆ ಅದು ನಿಂತಿರುವುದೇ ಹಿಮೋಗ್ಲೋಬಿನ್ ಮೇಲೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದಿದ್ದರೆ ಸಕ್ಕರೆ ಏರದೆಯೂ ಆ ಅಂಕಿ ಏರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟೆಂದು ನಿನಗೆ ನಾನು ಹೇಳಿಕೊಡಬೇಕೇ?

ಎಲ್ಲರೂ ಹಳ್ಳಿ ಸುತ್ತಬೇಕೆಂದೇನೂ ಇಲ್ಲ. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್‌ಕಿನ್ ತಂಡ ಇನ್ಸುಲಿನ್ ಅಣುವಿನ ಆಕಾರ ಬಿಡಿಸಿದಾಗ ಆ ತಂಡದಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಿಎಚ್.ಡಿ. ಮಾಡಿದ ಎಂ. ವಿಜಯನ್ ಇದ್ದರು. ಮತ್ತೆ ಬೆಂಗಳೂರಿಗೇ ಬಂದು ಪ್ರೋಟೀನ್ ಸ್ಫಟಿಕಶಾಸ್ತ್ರವನ್ನು ಇಲ್ಲಿ ಕಟ್ಟಿದರು. ನಿನಗೆ ಅಣುವಿನ ಕಡೆ ಒಲವಿದ್ದರೆ ಆ ದಾರಿಯೂ ಇದೆ. ಆದರೂ ವಾರಕ್ಕೊಮ್ಮೆ ಓ.ಪಿ.ಡಿ.ಯಲ್ಲಿ ಕೂರುವುದನ್ನು ಬಿಡಬೇಡ. ಇಲಿಯ ಯಕೃತ್ತಿನಲ್ಲಿ ಮುಳುಗಿದವರಿಗೆ, ಇನ್ಸುಲಿನ್ ಬಾಟಲಿಯನ್ನು ಫ್ರಿಜ್ ಇಲ್ಲದೆ ತಣ್ಣನೆಯ ಮಡಕೆಯಲ್ಲಿಡುವ ಮನೆಗಳು ಇವೆಯೆಂಬುದು ಮರೆತುಹೋಗುತ್ತದೆ.

ಪಠ್ಯಪುಸ್ತಕವನ್ನು ಎಷ್ಟು ನಂಬಬೇಕು ಎನ್ನುವುದಕ್ಕೆ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಒಂದು ಚಿತ್ರ ಅಚ್ಚು ಹಾಕಿಸಿದ್ದಾರೆ. 2004ರ ಲ್ಯಾನ್ಸೆಟ್ಟಿನಲ್ಲಿದೆ, ಹುಡುಕಿ ನೋಡು. ಅವರೂ ಲಂಡನ್ನಿನ ಅವರ ಗೆಳೆಯ ಜಾನ್ ಯುಡ್ಕಿನ್ನರೂ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿ.ಎಂ.ಐ. ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕರಲ್ಲಿ 21.2. ಕಣ್ಣಿಗೆ ಸಣಕಲು, ಒಳಗೆ ಕೊಬ್ಬು. ಪುಣೆಯ ಸುತ್ತಲ ಆರು ಹಳ್ಳಿಗಳ ತಾಯಂದಿರನ್ನು ಅವರ ತಂಡ 1993ರಿಂದ ಹಿಂಬಾಲಿಸುತ್ತಾ ಬಂದದ್ದರಿಂದ ಈ ಗುಣ ಹುಟ್ಟಿನಿಂದಲೇ ಇರುತ್ತದೆಂದು ಗೊತ್ತಾಯಿತು. ‘ನಮ್ಮವರು ತೆಳ್ಳಗಿದ್ದಾರೆ, ಇವರಿಗೆಲ್ಲಿಯ ಶುಗರ್’ ಎಂದು ಅಮೆರಿಕದ ಕೋಷ್ಟಕ ಹಿಡಿದು ಹೇಳಬಾರದು.

ಹಾಗೆಯೇ ಅಲ್ಲಿಯ ಫಲ ಇಲ್ಲಿ ಅಷ್ಟೇ ಸಿಗುತ್ತದೆಂದೂ ನಂಬಬೇಡ. ನಡಿಗೆ, ಊಟದ ಹದ, ತೂಕ ಇಳಿಸುವುದು ಇವುಗಳಿಂದ ಹೊಸ್ತಿಲಲ್ಲಿದ್ದವರ ಕಾಯಿಲೆಯ ಅಪಾಯ 58 ಶೇಕಡಾ ಇಳಿಯಿತೆಂದು ಅಮೆರಿಕದ ಅಧ್ಯಯನ 2002ರಲ್ಲಿ ಹೇಳಿತು. ಚೆನ್ನೈಯ ಎ. ರಾಮಚಂದ್ರನ್ ತಂಡ 531 ಜನರ ಮೇಲೆ ಅದನ್ನೇ ಮಾಡಿ ನೋಡಿ 2006ರಲ್ಲಿ ಬರೆದ ಅಂಕಿ 28.5. ಅರ್ಧದಷ್ಟೇ. ಸಾಧಾರಣ ಸಲಹೆಯಷ್ಟೇ ಸಿಕ್ಕವರಲ್ಲಿ ಮೂರು ವರ್ಷದೊಳಗೆ 55 ಶೇಕಡಾ ಮಂದಿ ರೋಗಿಗಳಾಗಿದ್ದರು. ನಮ್ಮವರು ಅಷ್ಟು ಬೇಗ ಜಾರುತ್ತಾರೆ. ಮಾತ್ರೆ ಮತ್ತು ನಡಿಗೆ ಎರಡನ್ನೂ ಕೂಡಿಸಿದರೂ ಹೆಚ್ಚಿನ ಲಾಭ ಬರಲಿಲ್ಲ ಎಂದೂ ಅವರು ಮುಚ್ಚಿಡದೆ ಬರೆದರು. 28.5 ಅನ್ನುವ ಅಂಕಿಯನ್ನು 58ರ ಪಕ್ಕ ಇಟ್ಟು ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ. ನಮ್ಮ ಸರ್ಕಾರ ಯೋಜನೆ ಹಾಕಬೇಕಾದ್ದು ನಮ್ಮ ಅಂಕಿಯ ಮೇಲೆ.

ಸರಿಯೆಂದು ಕಾಣುವ ವಿಚಾರವೂ ಕೊಲ್ಲಬಹುದು. ಅಕಾರ್ಡ್ ಪ್ರಯೋಗವನ್ನು ಓದದೆ ಈ ಕ್ಷೇತ್ರಕ್ಕೆ ಕಾಲಿಡಬೇಡ. ಹೃದಯಕ್ಕೆ ಅಪಾಯವಿದ್ದ 10,251 ಸಕ್ಕರೆ ರೋಗಿಗಳು. ಅರ್ಧದಷ್ಟು ಜನರ ಎಚ್‌ಬಿಎ1ಸಿಯನ್ನು ಔಷಧದ ಬಲದಿಂದ ಆರಕ್ಕಿಂತ ಕೆಳಗೆ ತರುವುದು ಗುರಿ. ಸಕ್ಕರೆ ಇಳಿದಷ್ಟೂ ಒಳ್ಳೆಯದೆಂದು ಎಲ್ಲರ ನಂಬಿಕೆ. 2008ರ ಫೆಬ್ರವರಿಯಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬಿಗಿಯಾಗಿ ಇಳಿಸಿದವರಲ್ಲಿ 257 ಸಾವು, ಸಾಧಾರಣವಾಗಿ ಬಿಟ್ಟವರಲ್ಲಿ 203. ನಿಲ್ಲಿಸಿರೆಂದು ಹೇಳಿದ್ದು ಯಾರೆಂದರೆ ನಡುನಡುವೆ ಅಂಕಿ ನೋಡಲೆಂದೇ ನೇಮಿಸಿದ್ದ ಸಮಿತಿ. ಅಂಥ ಸಮಿತಿ ನಿನ್ನ ಪ್ರಯೋಗಕ್ಕೂ ಇರಲಿ, ಅದರಲ್ಲಿ ನಿನ್ನ ಮಾತು ಕೇಳದವರಿರಲಿ. ಪ್ರಯೋಗವನ್ನು ಶುರುಮಾಡುವ ಮೊದಲೇ ಸಿ.ಟಿ.ಆರ್.ಐ.ನಲ್ಲಿ ನೋಂದಾಯಿಸು. 2009ರಿಂದ ಅದು ಕಡ್ಡಾಯವೂ ಹೌದು. ಏನು ಅಳೆಯುತ್ತೇನೆಂದು ಮೊದಲೇ ಊರಿಗೆಲ್ಲ ಹೇಳಿಬಿಟ್ಟರೆ, ಆಮೇಲೆ ಚೆನ್ನಾಗಿ ಬಂದ ಅಂಕಿಯೊಂದನ್ನು ಆರಿಸಿ ‘ಇದನ್ನೇ ಹುಡುಕುತ್ತಿದ್ದೆ’ ಅನ್ನಲು ಬಾಯಿ ಬರುವುದಿಲ್ಲ. ಸಂಖ್ಯಾಶಾಸ್ತ್ರಜ್ಞರ ಹತ್ತಿರ ಅಧ್ಯಯನ ಮುಗಿದ ಮೇಲಲ್ಲ, ಶುರುವಾಗುವ ಮೊದಲು ಹೋಗಿ ಕೂತುಕೋ.

ನಿನ್ನ ಪ್ರಬಂಧ ತಿರುಗಿ ಬಂದಾಗ ರೋಸಲಿನ್ ಯಾಲೊ ಅವರನ್ನು ನೆನೆ. ಓದಿದ್ದು ಭೌತಶಾಸ್ತ್ರ, ವೈದ್ಯ ಸಾಲೊಮನ್ ಬರ್ಸನ್ ಜೊತೆ ಸೇರಿ ನ್ಯೂಯಾರ್ಕಿನ ಬ್ರಾಂಕ್ಸಿನ ಸೈನಿಕರ ಆಸ್ಪತ್ರೆಯಲ್ಲಿ ದುಡಿದವಳು. ಹೊರಗಿನಿಂದ ಕೊಟ್ಟ ಇನ್ಸುಲಿನ್ನಿಗೆ ರೋಗಿಯ ಮೈ ಪ್ರತಿಕಾಯ ಕಟ್ಟುತ್ತದೆಂದು ಬರೆದರೆ 1955ರಲ್ಲಿ ಪತ್ರಿಕೆ ತಿರಸ್ಕರಿಸಿತು. ತಲೆಬರಹದಿಂದ ‘ಪ್ರತಿಕಾಯ’ ಎಂಬ ಮಾತು ತೆಗೆದ ಮೇಲೆಯೇ ಮರುವರ್ಷ ಅಚ್ಚಾದದ್ದು. ರಕ್ತದಲ್ಲಿರುವ ಹಾರ್ಮೋನನ್ನು ಅಳೆಯುವ ರೇಡಿಯೋಇಮ್ಯುನೊಅಸ್ಸೇ ಅದರಿಂದಲೇ ಹುಟ್ಟಿತು, ಅವರಿಬ್ಬರೂ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. 1977ರಲ್ಲಿ ನೊಬೆಲ್ ಬಂದಾಗ ಬರ್ಸನ್ ತೀರಿಕೊಂಡು ಐದು ವರ್ಷವಾಗಿತ್ತು. ಆಕೆ ತನ್ನ ನೊಬೆಲ್ ಉಪನ್ಯಾಸದಲ್ಲಿ ಆ ತಿರಸ್ಕಾರದ ಪತ್ರವನ್ನೇ ತೋರಿಸಿದಳು. ನನಗೆ ಆಕೆಯಲ್ಲಿ ಬಹಳ ಇಷ್ಟವಾದದ್ದು ಈ ಹಟ.

ಹೆಣ್ಣುಮಗಳಾದ್ದರಿಂದ ಇನ್ನೊಂದು ಮಾತು. ಈಗ ಜಗತ್ತೆಲ್ಲ ತೂಕ ಇಳಿಸಲು ಚುಚ್ಚಿಕೊಳ್ಳುತ್ತಿರುವ ಔಷಧಗಳ ಮೂಲ ಜಿ.ಎಲ್.ಪಿ.-1 ಎಂಬ ಹಾರ್ಮೋನು. ಅದರ ಕೆಲಸ ಮಾಡುವ ತುಣುಕು ಯಾವುದೆಂದು 1980ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಗುರುತಿಸಿ ತಯಾರಿಸಿದವರಲ್ಲಿ ಸ್ವೆಟ್ಲಾನಾ ಮೊಯ್ಸೊವ್ ಒಬ್ಬರು. ಪೇಟೆಂಟುಗಳಲ್ಲಿ ಹೆಸರು ಇರಲಿಲ್ಲ. ಆಕೆ ವಕೀಲರನ್ನಿಟ್ಟು ಹೋರಾಡಿ ಸೇರಿಸಿಕೊಳ್ಳಬೇಕಾಯಿತು. ದೊಡ್ಡ ಮನ್ನಣೆ, ಲಾಸ್ಕರ್ ಪ್ರಶಸ್ತಿ, ಬಂದದ್ದು 2024ರಲ್ಲಿ. ಆಕೆಗೆ ಆಧಾರವಾದದ್ದು ತನ್ನ ಕೆಲಸದ ದಾಖಲೆ. ನೀನು ದಿನದ ಕೆಲಸವನ್ನು ಪುಟಸಂಖ್ಯೆಯಿರುವ ಪುಸ್ತಕದಲ್ಲಿ, ಇಂಕಿನಲ್ಲಿ, ತಾರೀಕು ಹಾಕಿ ಬರಿ. ಯಾರ ಹೆಸರು ಮೊದಲು, ಯಾರದ್ದು ಕೊನೆಗೆ ಎಂಬುದನ್ನು ಕೆಲಸ ಶುರುವಾಗುವಾಗಲೇ ಮೇಲ್ ಕಳಿಸಿ ಖಚಿತ ಮಾಡಿಕೋ. ಸಂಕೋಚ ಬೇಡ. ‘ಮನೆಯವರ ಹಾಗಿದ್ದೇವೆ, ಇದೆಲ್ಲ ಯಾಕಮ್ಮಾ’ ಎಂದು ನಗುವವರ ಹತ್ತಿರವಂತೂ ಎರಡು ಸಲ ಖಚಿತ ಮಾಡಿಕೋ.

ಔಷಧ ಕಂಪನಿಯ ದುಡ್ಡು ಮುಟ್ಟಬೇಡ ಎಂದು ನಾನು ಹೇಳುವುದಿಲ್ಲ. ಪ್ರಯೋಗಗಳಿಗೆ ಕೋಟಿಗಟ್ಟಲೆ ಬೇಕು, ಸರ್ಕಾರವೊಂದೇ ಕೊಡಲಾರದು. ಆದರೆ ಅಂಕಿ ಯಾರ ಕಂಪ್ಯೂಟರಿನಲ್ಲಿರುತ್ತದೆ, ಫಲಿತಾಂಶ ಕೆಟ್ಟದ್ದು ಬಂದರೆ ಅಚ್ಚು ಹಾಕಿಸುವ ಹಕ್ಕು ಯಾರದ್ದು, ಇವೆರಡನ್ನೂ ಒಪ್ಪಂದದಲ್ಲಿ ಓದಿ ಸಹಿ ಹಾಕು. ಓದಲು ಬೇಜಾರಾದರೆ ನನಗೆ ಕಳಿಸು, ನನಗೆ ಈಗ ಬೇಕಾದಷ್ಟು ಬಿಡುವಿದೆ.

ಇನ್ನು ಗೈಡ್ ಆರಿಸುವುದು. ಅವರ ಪ್ರಬಂಧಗಳ ಪಟ್ಟಿ, ವಿದೇಶಿ ಫೆಲೋಶಿಪ್ಪು, ಗೋಡೆಯ ಮೇಲಿನ ಫೋಟೋ ಇವನ್ನು ನೋಡಿ ಮರುಳಾಗಬೇಡ. ಅವರಲ್ಲಿ ಪಿಎಚ್.ಡಿ. ಮುಗಿಸಿದವರನ್ನು ಬಿಟ್ಟು, ನಡುವೆ ಬಿಟ್ಟುಹೋದವರನ್ನು ಹುಡುಕಿ ಮಾತಾಡಿಸು. ಹಳ್ಳಿಯಿಂದ ಹಳ್ಳಿಗೆ ಓಡಾಡುವ ಫೀಲ್ಡ್ ಕೆಲಸದವರು ಎಷ್ಟು ವರ್ಷದಿಂದ ಇದ್ದಾರೆ ಕೇಳು. ವರ್ಷಕ್ಕೊಮ್ಮೆ ಎಲ್ಲರೂ ಬದಲಾಗುವ ಕಡೆ ಅಳತೆಯೂ ವರ್ಷಕ್ಕೊಮ್ಮೆ ಬದಲಾಗುತ್ತದೆ. ಕೊನೆಗೆ ಮೈನಸ್ ಎಂಬತ್ತರ ಫ್ರೀಜರ್ ತೆಗೆಸಿ ನೋಡು. ಟ್ಯೂಬುಗಳ ಮೇಲಿನ ಲೇಬಲ್ ಇನ್ನೂ ಓದಲು ಬರುತ್ತದೆಯೇ, ಯಾವ ರ‍್ಯಾಕಿನಲ್ಲಿ ಯಾರದ್ದಿದೆ ಎಂಬ ಪಟ್ಟಿ ಇದೆಯೇ, ಭಾನುವಾರ ರಾತ್ರಿ ಕರೆಂಟು ಹೋಗಿ ಅಲಾರಂ ಹೊಡೆದುಕೊಂಡರೆ ಯಾರ ಮೊಬೈಲಿಗೆ ಕರೆ ಹೋಗುತ್ತದೆ ಎಂದು ವಿಚಾರಿಸು. ಹೆಸರು ಹೇಳಲು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಬೇರೆ ಲ್ಯಾಬ್ ನೋಡು.

ನಿನ್ನ
ಅತ್ತೆ